ತಿದ್ದುವ ಬಳಗಕ್ಕೆ ಅನಂತಪುರದಿಂದ ಒಂದು ಬಹಿರಂಗ ಪತ್ರ

ಜಾಲತಾಣಗಳಲ್ಲಿ ಕನ್ನಡದ ಕಾಗುಣಿತ, ವ್ಯಾಕರಣ ಮತ್ತು ಲೇಖನಚಿಹ್ನೆಗಳ ತಪ್ಪುಗಳನ್ನು ಎತ್ತಿ ತೋರಿಸುವ ಎಲ್ಲ ಕನ್ನಡಾಭಿಮಾನಿಗಳಿಗೆ,



ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಅನಂತಪುರದಲ್ಲಾಗಲಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಊರುಗಳಲ್ಲಾಗಲಿ ಜನಸಾಮಾನ್ಯರು ಇಂದು ಬರೆಯುತ್ತಿರುವಷ್ಟು ಕನ್ನಡವನ್ನು ಅವರ ಹಿಂದಿನ ಯಾವ ತಲೆಮಾರೂ ಬರೆದಿರಲಿಲ್ಲ. ಶಾಲೆಯ ಮಾಸ್ತರರು, ತಲಾಠಿಗಳು, ಅಂಗಡಿಯ ಲೆಕ್ಕ ಬರೆಯುವವರು, ಮಠ-ಬಸದಿಗಳಲ್ಲಿ ಓದುಬರಹ ಬಲ್ಲ ಕೆಲವರು ಮಾತ್ರ ಮಾಡುತ್ತಿದ್ದ ಕೆಲಸವನ್ನು ಈಗ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ, ದ್ರಾಕ್ಷಿ ಬೆಳೆಯುವ ರೈತ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು ಮೊಬೈಲಿನಲ್ಲಿ ದಿನವೂ ಮಾಡುತ್ತಾರೆ. ಮಳೆಯ ಸುದ್ದಿ, ಒಣದ್ರಾಕ್ಷಿಯ ದರ, ಜಾತ್ರೆಯ ಕರೆ, ತೀರಿಕೊಂಡವರಿಗೆ ಶ್ರದ್ಧಾಂಜಲಿ ಎಲ್ಲವೂ ಕನ್ನಡದ ಅಕ್ಷರಗಳಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಆ ಬರಹವನ್ನು ಓದಿದವರಲ್ಲಿ ಯಾರಾದರೊಬ್ಬರು ವಿಷಯವನ್ನು ಬಿಟ್ಟು ಅದರ ಕಾಗುಣಿತವನ್ನು ಹಿಡಿದು, ‘ಮೊದಲು ಕನ್ನಡ ಕಲಿಯಿರಿ’ ಎಂದು ಬರೆದಾಗ ಆಗುವ ಪರಿಣಾಮವೇನೆಂಬುದನ್ನು ತಿದ್ದುವ ಬಳಗವು ಗಂಭೀರವಾಗಿ ಯೋಚಿಸಬೇಕೆಂಬುದು ಈ ಪತ್ರದ ಉದ್ದೇಶ.

ಈ ಪತ್ರವು ಶುದ್ಧ ಬರಹದ ವಿರೋಧಿಯಲ್ಲ. ಬಳಗದ ಕಳಕಳಿ ನಿಜವಾದದ್ದೆಂದೂ, ನುಡಿಯ ಮೇಲೆ ಪ್ರೀತಿಯಿಲ್ಲದವರು ಇನ್ನೊಬ್ಬರ ಒತ್ತಕ್ಷರ ಸರಿಯಿದೆಯೇ ಎಂದು ನೋಡುವ ಗೋಜಿಗೇ ಹೋಗುವುದಿಲ್ಲವೆಂದೂ ಒಪ್ಪಿಕೊಂಡೇ ಮುಂದಿನ ಮಾತುಗಳನ್ನು ಹೇಳಲಾಗಿದೆ. ಆಕ್ಷೇಪವಿರುವುದು ಇಷ್ಟಕ್ಕೆ: ಬೆರಳು ಜಾರಿ ಆದದ್ದು, ಕಾಗುಣಿತ ಗೊತ್ತಿಲ್ಲದೆ ಆದದ್ದು ಮತ್ತು ಒಂದು ಸೀಮೆಯ ಜನ ತಮ್ಮ ನುಡಿಯ ಕಟ್ಟಳೆಯಂತೆಯೇ ಬರೆದದ್ದು, ಈ ಮೂರೂ ‘ತಪ್ಪು’ ಎಂಬ ಒಂದೇ ಹೆಸರಿಗೆ ಗುರಿಯಾಗುತ್ತಿವೆ. ಮೊದಲಿನ ಎರಡನ್ನು ತಿದ್ದಬಹುದು. ಮೂರನೆಯದರಲ್ಲಿ ತಿದ್ದಬೇಕಾದದ್ದು ಏನೂ ಇಲ್ಲ.

ಮೂರನೆಯದರಿಂದಲೇ ಆರಂಭಿಸುವುದು ಯೋಗ್ಯ, ಏಕೆಂದರೆ ಗಡಿಭಾಗದ ಬರಹಗಾರರಿಗೆ ಹೆಚ್ಚು ನೋವಾಗುವುದು ಅದರಿಂದಲೇ. ಅಥಣಿ ಸೀಮೆಯವರು ‘ಬರಾಕತ್ತೇನಿ’ ಎಂದು ಬರೆದರೆ ಅದು ‘ಬರುತ್ತಿದ್ದೇನೆ’ ಎಂಬುದರ ಕೆಟ್ಟ ರೂಪವೆಂದು ಭಾವಿಸುವವರಿದ್ದಾರೆ. ಅದು ಹಾಗಲ್ಲ, ಆರಂಭಿಸು, ತೊಡಗು ಎಂಬ ಅರ್ಥದ ‘ಹತ್ತು’ ಧಾತುವನ್ನು ಸಹಾಯಕ ಕ್ರಿಯಾಪದವಾಗಿ, ಅಂದರೆ ಮುಖ್ಯ ಕ್ರಿಯೆಗೆ ಜೊತೆಯಾಗಿ ಕಾಲವನ್ನೋ ನಡೆಯುವ ಬಗೆಯನ್ನೋ ತಿಳಿಸುವ ಪದವಾಗಿ ಬಳಸಿ ಕಟ್ಟಿದ ರೂಪವದು, ಮತ್ತು ಆ ಧಾತು ‘ಮಾಡಾಕತ್ತಾನ’, ‘ಹೋಗಾಕತ್ತಾರ’ ಎಂದು ಎಲ್ಲ ಕ್ರಿಯಾಪದಗಳ ಜೊತೆಗೂ ಒಂದೇ ನಿಯಮದಂತೆ ಕೂಡುತ್ತದೆ. ‘ಅವನಿಗೆ’ ಎನ್ನುವ ಕಡೆ ಈ ಭಾಗದವರು ‘ಅವಂಗ’ ಎನ್ನುತ್ತಾರೆ. ಹಳಗನ್ನಡದಲ್ಲಿ ಇಂಥ ಪುಲ್ಲಿಂಗ ಪದಗಳ ಚತುರ್ಥಿ ವಿಭಕ್ತಿಯ ರೂಪ, ಅಂದರೆ ಯಾರಿಗೆ ಎಂಬುದನ್ನು ತಿಳಿಸುವ ರೂಪ, ‘ಅವಂಗೆ’, ‘ಅರಸಂಗೆ’ ಎಂದೇ ಇತ್ತು. ಹಾಗಾಗಿ ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನಿಗೆ ‘ಅವನಿಗೆ’ ಎಂಬ ಇಂದಿನ ಶಿಷ್ಟರೂಪಕ್ಕಿಂತ ಅನಂತಪುರದ ‘ಅವಂಗ’ ಎಂಬುದೇ ಹೆಚ್ಚು ಪರಿಚಿತವಾಗಿ ಕೇಳಿಸುತ್ತಿತ್ತು.

ಇನ್ನೊಂದು ಉದಾಹರಣೆಯಲ್ಲಿ ವಾಕ್ಯರಚನೆಯ ಪ್ರಶ್ನೆಯೇ ಇದೆ. ಮೈಸೂರು ಕಡೆಯ ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದರೆ ವಾಕ್ಯ ಮುಗಿಯಿತು, ಅಲ್ಲಿ ಕ್ರಿಯಾಪದ ಬೇಕಿಲ್ಲ. ಗಡಿಭಾಗದಲ್ಲಿ ‘ಇದು ನಮ್ಮ ಮನಿ ಐತಿ’, ‘ಅಂವ ನಮ್ಮ ಕಾಕಾನ ಮಗ ಅದಾನ’ ಎನ್ನುವುದುಂಟು. ಕೊನೆಯ ‘ಐತಿ’, ‘ಅದಾನ’ಗಳು ಅನಗತ್ಯವೆಂದು ಹೊಡೆದುಹಾಕುವ ಮುನ್ನ ತಿದ್ದುವವರು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯಬೇಕು. ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಸಾಂಗಲಿ ಜಿಲ್ಲೆಯಲ್ಲಿ, ಕುಪ್ವಾರ್ ಎಂದು ಅವರು ಬರೆದಿರುವ ಹಳ್ಳಿಯಲ್ಲಿ, ಕನ್ನಡ, ಮರಾಠಿ, ಉರ್ದು ಆಡುವ ಮನೆತನಗಳು ಶತಮಾನಗಳಿಂದ ಅಕ್ಕಪಕ್ಕದಲ್ಲಿ ಬದುಕಿದ್ದರಿಂದ, ಆ ನುಡಿಗಳು ತಮ್ಮ ತಮ್ಮ ಪದಗಳನ್ನು ಉಳಿಸಿಕೊಂಡೇ ವಾಕ್ಯದ ಕಟ್ಟಡದಲ್ಲಿ ಒಂದರಂತೆ ಇನ್ನೊಂದು ಆಗಿಬಿಟ್ಟಿವೆಯೆಂದೂ, ಒಂದರ ಪದವಿದ್ದಲ್ಲಿ ಇನ್ನೊಂದರ ಪದವಿಟ್ಟರೆ ಸಾಕು, ಅನುವಾದ ಮುಗಿಯುತ್ತದೆಂದೂ ಅವರು ತೋರಿಸಿದರು. ಜಗತ್ತಿನಾದ್ಯಂತ ಭಾಷಾಸಂಪರ್ಕವನ್ನು, ಅಂದರೆ ನೆರೆಯ ನುಡಿಗಳು ಒಂದನ್ನೊಂದು ಮಾರ್ಪಡಿಸುವ ಬಗೆಯನ್ನು ಓದುವ ವಿದ್ಯಾರ್ಥಿಗಳು ಇಂದಿಗೂ ಆ ಹಳ್ಳಿಯ ಉದಾಹರಣೆಯನ್ನು ಓದುತ್ತಾರೆ. ಅನಂತಪುರದ ಕನ್ನಡವೂ ಅದೇ ಸೀಮೆಯದು. ಆಸ್ಪತ್ರೆಗೆ ಮಿರಜ, ಒಣದ್ರಾಕ್ಷಿ ಮಾರಲು ಸಾಂಗಲಿ ಮತ್ತು ತಾಸಗಾಂವ, ಮದುವೆಯ ಸಂಬಂಧಕ್ಕೆ ಜತ್ತ ತಾಲ್ಲೂಕಿನ ಹಳ್ಳಿಗಳು ಎಂದು ನಿತ್ಯ ಆಚೀಚೆ ಓಡಾಡುವ ಜನರ ಮಾತಿನಲ್ಲಿ ‘ಪಾವಣೇರು’ (ನೆಂಟರು), ‘ಬರೋಬ್ಬರಿ’ (ಸರಿಯಾಗಿ), ‘ಲಗೂನ’ (ಬೇಗ) ಎಂಬ ಪದಗಳೂ ಕೊನೆಗೊಂದು ‘ಐತಿ’ಯೂ ಇರುವುದು ಅಜ್ಞಾನವಲ್ಲ, ಅದು ಆ ಬದುಕಿನ ದಾಖಲೆ.

ಹಾಗಾದರೆ ಶಿಷ್ಟ ಕನ್ನಡವೆಂಬುದು ಇಲ್ಲವೇ ಎಂದರೆ, ಇದೆ. ಆದರೆ ಅದು ಒಂದೇ ಊರಿನಲ್ಲಿ ಎಂದೂ ನೆಲೆನಿಂತಿಲ್ಲ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ಪ್ರದೇಶವೆಂದು ಗುರುತಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡನ್ನು, ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದದ ಸೀಮೆಯನ್ನು. ಅಂದು ಮಾದರಿಯಾಗಿದ್ದ ಕನ್ನಡ ಉತ್ತರದ್ದು. ಮುಂದೆ ಅರಸೊತ್ತಿಗೆ, ಮುದ್ರಣ, ಶಿಕ್ಷಣ ಇಲಾಖೆ, ಪತ್ರಿಕೆ, ಆಕಾಶವಾಣಿ, ಸಿನಿಮಾಗಳು ಮೈಸೂರು-ಬೆಂಗಳೂರಿನ ಕಡೆಗೆ ಬಲಗೊಂಡಂತೆ ಮಾದರಿಯೂ ಅತ್ತ ಸರಿಯಿತು. ಅದರಲ್ಲಿ ಯಾರ ದೋಷವೂ ಇಲ್ಲ. ಆದರೆ ಅಧಿಕಾರದ ಜೊತೆಗೆ ಸರಿದಾಡುವ ಮಾದರಿಯೊಂದನ್ನು ನುಡಿಯ ಹುಟ್ಟುಗುಣವೆಂದು ತಿಳಿಯುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಅದೇ ಗ್ರಂಥದಲ್ಲಿ, ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ಇಂತಿಷ್ಟೇ ದೋಷಗಳೆಂದು ಎಣಿಸಹೊರಟರೆ ಸರ್ಪರಾಜ ವಾಸುಕಿಯೂ ಬೇಸತ್ತಾನು ಎಂಬರ್ಥದ ಮಾತಿದೆ. ಕನ್ನಡದಲ್ಲಿ ಉಳಿದುಬಂದಿರುವ ಮೊದಲ ಲಕ್ಷಣಗ್ರಂಥ, ಅಂದರೆ ಬರೆಯುವ ಕ್ರಮವನ್ನು ಕಲಿಸುವ ಗ್ರಂಥ, ಕನ್ನಡ ಎನ್ನದೆ ‘ಕನ್ನಡಗಳು’ ಎಂದು ಬಹುವಚನದಲ್ಲಿ ಆಡಿತೆಂಬುದನ್ನು ಬಳಗವು ಮರೆಯಬಾರದು.

ಬಳಗವು ಮಾದರಿಯಾಗಿ ಇಟ್ಟುಕೊಳ್ಳಬೇಕಾದ ಹಿರಿಯನೆಂದರೆ ಕೇಶಿರಾಜನೇ. ‘ಶಬ್ದಮಣಿದರ್ಪಣ’ದಲ್ಲಿ ಅವನು ಹಿಂದಿನ ಕವಿಗಳ ಪ್ರಯೋಗಗಳನ್ನು ಒಂದೊಂದಾಗಿ ಮುಂದಿಟ್ಟು, ಆ ಬಳಕೆಯಿಂದ ಸೂತ್ರವನ್ನು ಹೊರತೆಗೆಯುತ್ತಾನೆ. ಅವನ ಕಾಲಕ್ಕೆ ‘ೞ’ ಎಂಬ ಅಕ್ಷರದ ಉಚ್ಚಾರಣೆ ‘ಳ’ಕಾರದೊಡನೆ ಬೆರೆತುಹೋಗುತ್ತಿತ್ತು, ಯಾವ ಪದಕ್ಕೆ ಯಾವುದು ಎಂಬ ಗೊಂದಲ ಬರೆಯುವವರಿಗೆ ಇತ್ತು. ಅವನು ಗೊಂದಲಗೊಂಡವರನ್ನು ಹಳಿಯುತ್ತ ಕೂರದೆ ‘ೞ’ಕಾರದ ಪದಗಳ ಪಟ್ಟಿಯೊಂದನ್ನೇ ಮಾಡಿಕೊಟ್ಟ. ಆ ಅಕ್ಷರವಂತೂ ಮುಂದೆ ಬಳಕೆಯಿಂದ ಬಿದ್ದುಹೋಯಿತು, ‘ಱ’ಕಾರವೂ ಹೋಯಿತು, ಕನ್ನಡ ಉಳಿಯಿತು; ಆದರೆ ಆ ಪಟ್ಟಿ ಇಂದಿಗೂ ಹಳಗನ್ನಡ ಓದುವವರಿಗೆ ಕೆಲಸಕ್ಕೆ ಬರುತ್ತಿದೆ. ತಿದ್ದುವವನು ನುಡಿಗೆ ಏನನ್ನು ಕೊಟ್ಟುಹೋಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಲೇಖನಚಿಹ್ನೆಗಳ ವಿಷಯದಲ್ಲಿ ನಡೆಯುವ ಜಗಳ ಇನ್ನೂ ಹೆಚ್ಚು ವಿಚಾರಕ್ಕೆ ಯೋಗ್ಯವಾದದ್ದು. ಶಾಸನಗಳಲ್ಲಿ ಮತ್ತು ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯೇ ಇರಲಿಲ್ಲ. ಪದ್ಯದ ಸಾಲೋ ಭಾಗವೋ ಮುಗಿದಲ್ಲಿ ಒಂದು ಅಥವಾ ಎರಡು ದಂಡಗಳನ್ನು, ಅಂದರೆ ನೆಟ್ಟನೆಯ ಗೆರೆಗಳನ್ನು, ಎಳೆದರೆ ಸಾಕಾಗಿತ್ತು. ಅಲ್ಪವಿರಾಮ, ಅರ್ಧವಿರಾಮ, ಪ್ರಶ್ನಾರ್ಥಕ, ಉದ್ಧರಣ ಚಿಹ್ನೆಗಳು ಕನ್ನಡಕ್ಕೆ ರೂಢಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅಚ್ಚಿನ ಮೊಳೆಗಳ ಜೊತೆಗೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು, ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು 1843ರಲ್ಲಿ ಆರಂಭಿಸಿದ; ಅಚ್ಚಿನ ಮನೆಗಳಲ್ಲಿ ಪಳಗಿದ ಪಾಶ್ಚಾತ್ಯ ಚಿಹ್ನೆಗಳನ್ನೇ ಶಾಲೆಗಳೂ ಕಲಿಸತೊಡಗಿದವು. ಅಲ್ಲಿಯವರೆಗೆ ಸಾವಿರಕ್ಕೂ ಹೆಚ್ಚು ವರ್ಷ ಕನ್ನಡವು ಅವಿಲ್ಲದೆ ನಡೆದದ್ದು ಹೇಗೆಂದರೆ, ಆ ಚಿಹ್ನೆಗಳು ಮಾಡುವ ಕೆಲಸದ ದೊಡ್ಡ ಪಾಲನ್ನು ನುಡಿಯ ಪ್ರತ್ಯಯಗಳೇ ಮಾಡುತ್ತಿದ್ದವು. ಒಬ್ಬರ ಮಾತು ಎಲ್ಲಿಗೆ ಮುಗಿಯಿತೆಂಬುದನ್ನು ‘ಎಂದು’ ತಿಳಿಸುತ್ತದೆ, ಸಾಲಾಗಿ ಹೇಳಿದ ಪದಗಳನ್ನು ‘ಊ’ ಬೆಸೆಯುತ್ತದೆ, ಪ್ರಶ್ನೆಯನ್ನು ‘ಏ’, ‘ಆ’, ‘ಓ’ಗಳು ಸೂಚಿಸುತ್ತವೆ, ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ನಿಂತು ಪೂರ್ಣವಿರಾಮದ ಕೆಲಸವನ್ನೂ ಮಾಡುತ್ತದೆ. ಆದ್ದರಿಂದ ‘ಬರುತ್ತೀರಾ’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕದವರು ಓದುವವರಿಗೆ ಯಾವ ತೊಂದರೆಯನ್ನೂ ಮಾಡಿಲ್ಲ.

ಇದರಿಂದ ಚಿಹ್ನೆಗಳು ಬೇಡವೆಂದು ಹೊರಡುವುದಿಲ್ಲ. ಗಡಿಭಾಗದ ಬರಹಕ್ಕೆ ಅವು ಶಿಷ್ಟ ಬರಹಕ್ಕಿಂತ ಹೆಚ್ಚು ಬೇಕು, ಮತ್ತು ಈ ಮಾತನ್ನು ತಿದ್ದುವವರಾಗಲಿ ತಿದ್ದಿಸಿಕೊಳ್ಳುವವರಾಗಲಿ ಗಮನಿಸಿದಂತಿಲ್ಲ. ಈ ಸೀಮೆಯಲ್ಲಿ ‘ಅಂವ ಬಂದಾನ’ ಎಂದರೆ ಅವನು ಬಂದಿದ್ದಾನೆ ಎಂದರ್ಥ. ಅದೇ ಪದಗಳನ್ನು ಕೊನೆಯಲ್ಲಿ ಧ್ವನಿ ಏರಿಸಿ ಆಡಿದರೆ ಅವನು ಬಂದಿದ್ದಾನೆಯೇ ಎಂಬ ಪ್ರಶ್ನೆಯಾಗುತ್ತದೆ. ಬಾಯಲ್ಲಿ ಆಡುವಾಗ ಇಲ್ಲದ ಗೊಂದಲ ಮೊಬೈಲಿನ ಬರಹದಲ್ಲಿ ಹುಟ್ಟುತ್ತದೆ: ‘ಟ್ರ್ಯಾಕ್ಟರ ಬಂದೈತಿ’ ಎಂದು ಬಂದ ಸಂದೇಶ ಸುದ್ದಿಯೋ ವಿಚಾರಣೆಯೋ ತಿಳಿಯದೆ ಓದಿದವರು ತಿರುಗಿ ಕೇಳಬೇಕಾಗುತ್ತದೆ. ಇಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ನಿಜವಾಗಿ ಅರ್ಥವನ್ನು ಹೊರುತ್ತದೆ. ಪದಗಳ ನಡುವಿನ ಜಾಗಕ್ಕೂ ಇದೇ ಮಾತು ಸಲ್ಲುತ್ತದೆ. ‘ಬರಬೇಡಿ’ ಎಂಬುದನ್ನು ಒಡೆದು ‘ಬರ ಬೇಡಿ’ ಎಂದು ಬರೆದಾಗ ಓದುಗರು ಒಂದು ಕ್ಷಣ ತಡವರಿಸುತ್ತಾರೆ. ಎಲ್ಲಿ ಚಿಹ್ನೆ ಅರ್ಥವನ್ನು ಕಾಯುತ್ತದೆಯೋ ಅಲ್ಲಿ ಕಲಿಸಬೇಕು, ಎಲ್ಲಿ ಅದು ಅಚ್ಚಿನ ಮನೆಯ ಶಿಸ್ತು ಮಾತ್ರವೋ ಅಲ್ಲಿ ಬಿಡಬೇಕು. ಇಷ್ಟು ವಿವೇಚನೆಯಿದ್ದರೆ ಇಂಥ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.

ಆಡುನುಡಿಯನ್ನು ಬರಹಕ್ಕೆ ಇಳಿಸುವ ಪ್ರಯತ್ನ ಹೊಸದೇನಲ್ಲ. ಇಂದು ಕಾಗವಾಡ ತಾಲ್ಲೂಕಿಗೆ ಸೇರಿರುವ ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ಈ ಗಡಿಸೀಮೆಯ ರೈತರ ಮಾತನ್ನೇ ಅಕ್ಷರಕ್ಕೆ ತಂದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ತಮ್ಮ ಊರಿನ ನುಡಿಯಲ್ಲೇ ನಾಟಕ-ಕಾವ್ಯಗಳನ್ನು ಕಟ್ಟಿ 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು. ಪುಸ್ತಕದಲ್ಲಿ ಅಚ್ಚಾದಾಗ ಸೊಗಡೆಂದು ಮೆಚ್ಚುಗೆ ಪಡೆಯುವ ‘ಬ್ಯಾಡ’, ‘ಮನಿ’, ‘ಹ್ವಾದ’ಗಳು ಅನಂತಪುರದ ಹೆಣ್ಣುಮಗಳೊಬ್ಬಳ ಮೊಬೈಲಿನಿಂದ ಬಂದಾಗ ಅಶುದ್ಧವಾಗುವುದಾದರೆ, ಅಲ್ಲಿ ಅಳತೆಗೆ ಸಿಕ್ಕಿದ್ದು ವ್ಯಾಕರಣವಲ್ಲ, ಬರೆದವಳ ಸ್ಥಾನಮಾನ.

ಇನ್ನು ನಿಜವಾದ ಕಾಗುಣಿತದ ತಪ್ಪುಗಳ ಮಾತು. ‘ಶ್ರದ್ಧಾಂಜಲಿ’ ಎಂಬುದು ‘ಶೃದ್ದಾಂಜಲಿ’ಯಾಗಿ, ‘ಶುಭಾಶಯ’ ‘ಶುಭಾಷಯ’ವಾಗಿ, ‘ಹಾರ್ದಿಕ’ ‘ಹಾರ್ಧಿಕ’ವಾಗಿ, ‘ವಿದ್ಯಾರ್ಥಿ’ ‘ವಿಧ್ಯಾರ್ಥಿ’ಯಾಗಿ ಬರುವುದನ್ನು ನಾಡಿನ ಎಲ್ಲ ಕಡೆಯ ಫ್ಲೆಕ್ಸುಗಳಲ್ಲೂ ಮೊಬೈಲುಗಳಲ್ಲೂ ಕಾಣಬಹುದು. ಇವುಗಳಲ್ಲಿ ಕೆಲವು ಬೆರಳಿನ ತಪ್ಪುಗಳು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಗಳಲ್ಲಿ ಮಹಾಪ್ರಾಣ, ಅಂದರೆ ಉಸಿರನ್ನು ಒತ್ತಿ ನುಡಿಯುವ ‘ಖ’, ‘ಧ’, ‘ಭ’ಗಳಂಥ ಅಕ್ಷರ ಬೇಕಿದ್ದರೆ ಷಿಫ್ಟ್ ಕೀಲಿಯನ್ನೂ ಒತ್ತಬೇಕು, ಮೊಬೈಲಿನ ಪುಟ್ಟ ಪರದೆಯ ಮೇಲೆ ಆ ಒಂದು ಒತ್ತು ತಪ್ಪಿದರೆ ‘ಭಾಷೆ’ ‘ಬಾಷೆ’ಯಾಗುತ್ತದೆ. ಆದರೆ ಮಹಾಪ್ರಾಣ ಇಲ್ಲದ ಕಡೆ ಅದನ್ನು ತಂದು ಕೂಡಿಸುವುದು ಬೆರಳಿನ ತಪ್ಪಲ್ಲ. ಎಲ್ಲಿ ತಪ್ಪಾದೀತೋ, ಯಾರು ನಕ್ಕಾರೋ ಎಂಬ ಅಂಜಿಕೆಯಿಂದ ಸರಿಯಿದ್ದುದನ್ನೂ ತಿದ್ದಿ ಕೆಡಿಸಿಕೊಳ್ಳುವ ಬಗೆಯದು, ಮತ್ತು ಅಂಥ ತಪ್ಪುಗಳಿಗೆ ಹಾಸ್ಯಮಾಡುವವರ ಕೊಡುಗೆಯೂ ಇದೆ. ಹಂಗಿಸಿದಷ್ಟೂ ಅಂಜಿಕೆ ಬೆಳೆಯುತ್ತದೆ, ಅಂಜಿಕೆ ಬೆಳೆದಷ್ಟೂ ‘ಷ’ಕಾರ ‘ಧ’ಕಾರಗಳು ಬೇಡದ ಕಡೆ ಬೆಳೆಯುತ್ತವೆ. ತಂದೆಯನ್ನು ಕಳೆದುಕೊಂಡವರು ಬರೆದ ನಾಲ್ಕು ಸಾಲಿನ ಕೆಳಗೆ ‘ಶೃ ಅಲ್ಲ, ಶ್ರ’ ಎಂದು ಬರೆಯುವುದಂತೂ ಯಾವ ವ್ಯಾಕರಣದ ಹೆಸರಿನಲ್ಲೂ ಸಮರ್ಥಿಸಲಾಗದ ಕಾಠಿಣ್ಯ.

ಮಹಾಪ್ರಾಣಗಳೇ ಬೇಡವೆಂಬ ವಾದವೂ ಇದೆಯೆಂಬುದು ಬಳಗಕ್ಕೆ ಗೊತ್ತಿದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ, ಶಾಲೆಗಳಲ್ಲಿ ಕಲಿಸುವ ಕನ್ನಡ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲಿದೆಯೆಂದು ತೋರಿಸಿದರು. ಬಹುಪಾಲು ಕನ್ನಡಿಗರ ಉಚ್ಚಾರಣೆಯಲ್ಲಿ ಇಲ್ಲದ ಅಕ್ಷರಗಳನ್ನು ಬರಹದಲ್ಲಿ ಉಳಿಸಿಕೊಳ್ಳುವುದರಿಂದ ಕಲಿಯುವವರಿಗೆ ಹೊರೆಯಾಗುತ್ತದೆಂದು ವಾದಿಸಿ, ತಮ್ಮ ಬರಹದಲ್ಲೂ ಅವನ್ನು ಕೈಬಿಟ್ಟರು. ಅವರ ವ್ಯಾಕರಣದ ವಿಮರ್ಶೆ ಬೆಲೆಯುಳ್ಳದ್ದು. ಅಕ್ಷರಗಳನ್ನು ಬಿಡುವ ಸಲಹೆಯನ್ನು ಮಾತ್ರ ಈ ಪತ್ರ ಒಪ್ಪುವುದಿಲ್ಲ, ಏಕೆಂದರೆ ಉಚ್ಚಾರಣೆ ಊರೂರಿಗೆ ಬೇರೆಯಾಗಿರುವ ನಾಡಿನಲ್ಲಿ ಅನಂತಪುರದವರೂ ಆನೇಕಲ್ಲಿನವರೂ ಕಾಸರಗೋಡಿನವರೂ ಒಂದೇ ಪುಸ್ತಕ ಓದುವಂತೆ ಮಾಡಿರುವುದು ಹಂಚಿಕೊಂಡ ಕಾಗುಣಿತವೇ. 1956ಕ್ಕೆ ಮೊದಲು ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಒಂದು ಮಾಡಿದ ಶಕ್ತಿಗಳಲ್ಲಿ ಅಚ್ಚಿನ ಕನ್ನಡವೂ ಒಂದು. ಅದನ್ನು ಉಳಿಸಿಕೊಳ್ಳಬೇಕು, ಕಲಿಸಬೇಕು. ಕಲಿಯದವರನ್ನು ಕನ್ನಡದಿಂದ ಹೊರಗೆ ನಿಲ್ಲಿಸಬಾರದು.

ಗಡಿಯಲ್ಲಿ ‘ಹೊರಗೆ’ ಎಂಬ ಮಾತಿಗೆ ಬೇರೆಯದೇ ತೂಕವಿದೆ. ಬೆಂಗಳೂರಿನ ಯುವಕನನ್ನು ಹಂಗಿಸಿದರೆ ಅವನು ಇಂಗ್ಲಿಷಿಗೆ ಹೋಗುತ್ತಾನೆ. ಚಿಕ್ಕೋಡಿ-ಅಥಣಿಯ ಯುವಕನ ಮುಂದೆ ಮರಾಠಿ ಇದೆ, ಹಿಂದಿ ಇದೆ, ಇಂಗ್ಲಿಷಿದೆ, ಕನ್ನಡವನ್ನೇ ರೋಮನ್ ಅಕ್ಷರಗಳಲ್ಲಿ ಬರೆಯುವ ದಾರಿಯಿದೆ, ಏನನ್ನೂ ಬರೆಯದೆ ಧ್ವನಿಯ ಸಂದೇಶ ಕಳಿಸುವ ಅನುಕೂಲವೂ ಇದೆ. ಇವುಗಳಲ್ಲಿ ಯಾವುದನ್ನು ಹಿಡಿದರೂ ಅವನ ವ್ಯವಹಾರ ನಿಲ್ಲುವುದಿಲ್ಲ, ಕನ್ನಡದ ಅಕ್ಷರಗಳಲ್ಲಿ ಬರೆಯುವವರಲ್ಲಿ ಒಬ್ಬ ಕಡಿಮೆಯಾಗುತ್ತಾನೆ ಅಷ್ಟೆ. 1890ರಲ್ಲಿ ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದು, ಕಚೇರಿ-ಶಾಲೆಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿದ್ದ ಮುಂಬಯಿ ಪ್ರಾಂತದಲ್ಲಿ ಕನ್ನಡ ಬರೆಯುವವರ, ಓದುವವರ ಸಂಖ್ಯೆಯನ್ನು ಹೆಚ್ಚಿಸಲೆಂದು. ಆ ಕೆಲಸ ಗಡಿಯ ಊರುಗಳಲ್ಲಿ ಇನ್ನೂ ನಡೆಯುತ್ತಿದೆ, ಮತ್ತು ಮೊಬೈಲಿನಲ್ಲಿ ತಪ್ಪುತಪ್ಪಾಗಿ ಕನ್ನಡ ಬರೆಯುವ ಪ್ರತಿಯೊಬ್ಬರೂ ಅದರ ಪಾಲುದಾರರು.

ತಿದ್ದುವ ಬಲವನ್ನು ಬಳಸಬೇಕಾದ ಜಾಗಗಳು ಬೇರೆಯೇ ಇವೆ, ಅಲ್ಲಿ ಬಳಗವು ಈಗಿನದಕ್ಕಿಂತ ಕಠಿಣವಾಗಲಿ. ಈ ಭಾಗದವರು ಉತಾರ ಎನ್ನುವ ಪಹಣಿಯಲ್ಲಿ ರೈತನ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಅಚ್ಚಾದರೆ ಬೆಳೆವಿಮೆ, ಸಾಲ, ವಾರಸಾ ಎಲ್ಲವೂ ನಿಂತುಹೋಗುತ್ತವೆ. ‘ಪಾಟೀಲ’ ಎಂಬ ಅಡ್ಡಹೆಸರನ್ನು ‘ಪಾಟೀಲ್’ ಎಂದು ಬರೆಯುವ ದಕ್ಷಿಣದ ಅಭ್ಯಾಸ ಕೂಡ ಕಾಗದಪತ್ರದಲ್ಲಿ ಬೇರೊಬ್ಬ ಮನುಷ್ಯನನ್ನು ಹುಟ್ಟಿಸಬಲ್ಲದು. ಪಠ್ಯಪುಸ್ತಕ, ಸರ್ಕಾರಿ ಸುತ್ತೋಲೆ, ರಸ್ತೆಯ ನಾಮಫಲಕ, ದೂರದರ್ಶನ ವಾಹಿನಿಯ ಸುದ್ದಿಸಾಲು, ಔಷಧದ ಮೇಲಿನ ಸೂಚನೆ ಇವುಗಳನ್ನು ಬರೆಯುವವರು ಸಂಬಳ ಪಡೆದು ಬರೆಯುತ್ತಾರೆ, ಅವರ ತಪ್ಪು ಸಾವಿರಾರು ಜನರಿಗೆ ಮುಟ್ಟುತ್ತದೆ. ಅವರನ್ನು ಬಹಿರಂಗವಾಗಿ ಪ್ರಶ್ನಿಸುವ ಹಕ್ಕು ಪ್ರತಿ ಕನ್ನಡಿಗನಿಗೂ ಇದೆ. ಪಾವಣೇರಿಗೆ ಕರೆ ಕಳಿಸುವ ಹಳ್ಳಿಯ ಗೃಹಿಣಿಯನ್ನು ಆ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ತಿದ್ದುವ ರೀತಿಗೂ ಕನ್ನಡದಲ್ಲಿ ಒಳ್ಳೆಯ ಪರಂಪರೆಯಿದೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ 1991ರಿಂದ ನಡೆಸಿಕೊಂಡು ಬಂದ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ಪದದ ಮೂಲ, ಬಳಕೆ, ಎರಡು ರೂಪಗಳಿದ್ದರೆ ಎರಡರ ಆಧಾರ ಎಲ್ಲವನ್ನೂ ಹೇಳಿ ತೀರ್ಮಾನ ಕೊಡುತ್ತಿದ್ದರು. ಕೇಳಿದವರಿಗೆ ಹೇಳುವುದು, ಕಾರಣಸಹಿತ ಹೇಳುವುದು, ತನಗೆ ಪರಿಚಯವಿಲ್ಲದ ರೂಪ ಕಂಡಾಗ ಅದನ್ನು ಹೊಡೆದುಹಾಕುವ ಬದಲು ಯಾವ ಊರಿನದೆಂದು ವಿಚಾರಿಸುವುದು, ಒಬ್ಬರ ತಪ್ಪನ್ನು ಅವರಿಗೆ ಮಾತ್ರ ತಿಳಿಯುವಂತೆ ಹೇಳುವುದು, ಇಷ್ಟನ್ನು ಬಳಗವು ತನಗೆ ತಾನೇ ನಿಯಮ ಮಾಡಿಕೊಳ್ಳಬೇಕೆಂದು ಈ ಪತ್ರ ಕೋರುತ್ತದೆ.

ಇದರ ಜೊತೆಗೆ ಒಂದು ಕೆಲಸದ ಆಹ್ವಾನವೂ ಇದೆ. ‘ಬರಾಕತ್ತೇನಿ’, ‘ಬರಾಕತ್ತೀನಿ’, ‘ಬರ್ಲಾಕತ್ತೇನಿ’ ಎಂದು ಒಂದೇ ಸೀಮೆಯವರು ಬೇರೆ ಬೇರೆಯಾಗಿ ಬರೆಯುತ್ತಾರೆ. ‘ಬ್ಯಾಡ’ದ ‘ಬ್ಯಾ’ ಎಂಬುದು ‘ವ್ಯಾಪಾರ’ದ ‘ವ್ಯಾ’ದಂತೆ ಯಕಾರವನ್ನು ಒತ್ತಿ ನುಡಿಯುವ ಧ್ವನಿಯಲ್ಲವಾದರೂ ಅದಕ್ಕೆ ಬೇರೆ ಗುರುತಿಲ್ಲದೆ ಅದೇ ಒತ್ತಿನಲ್ಲಿ ಬರೆಯಬೇಕಾಗಿದೆ. ಮೊಬೈಲಿನ ಕೀಲಿಮಣೆ ಸೂಚಿಸುವ ಪದಗಳಲ್ಲಿ ಈ ಕ್ರಿಯಾರೂಪಗಳು ಸಿಗುವುದು ವಿರಳ. ಅಕ್ಷರದ ಮೇಲೆ ಇಷ್ಟು ಹಿಡಿತವಿರುವ ತಿದ್ದುವ ಬಳಗದವರು ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಮಾಸ್ತರರನ್ನೂ ವಿದ್ಯಾರ್ಥಿಗಳನ್ನೂ ಜೊತೆಗೆ ತೆಗೆದುಕೊಂಡು, ಕೇಶಿರಾಜನು ‘ೞ’ಕಾರಕ್ಕೆ ಮಾಡಿದಂತೆ ಈ ಸೀಮೆಯ ಪದರೂಪಗಳ ಪಟ್ಟಿಯೊಂದನ್ನು, ಪ್ರತಿಯೊಂದಕ್ಕೂ ಊರು ಮತ್ತು ಬಳಕೆಯ ಉದಾಹರಣೆಯೊಡನೆ, ಸಿದ್ಧಪಡಿಸಿ ಯಾರು ಬೇಕಾದರೂ ಬಳಸುವಂತೆ ಪ್ರಕಟಿಸಲಿ. ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಒಕ್ಕಲುತನದ ಪದಗಳಿಂದ ಅದನ್ನು ಆರಂಭಿಸುವುದು ಒಳ್ಳೆಯದು, ಏಕೆಂದರೆ ಅವುಗಳನ್ನು ಕೇಳಿ ಬರೆದುಕೊಳ್ಳಲು ಇರುವ ಕಾಲ ಕಡಿಮೆ.

ಇಂತಿ,
ಅನಂತಪುರ ಸೀಮೆಯ ಕನ್ನಡ ಬರೆಯುವವರ ಪರವಾಗಿ